ಕ್ಷಮೆಯ ನಾಯಕತ್ವ ಮತ್ತು ಅದರ ಮಿತಿ: ಡೆಸ್ಮಂಡ್ ಟುಟು ಕೃತಿಯ ಅವಲೋಕನ

ನಾಯಕತ್ವವನ್ನು ಕಲಿಸುವ ಪುಸ್ತಕಗಳಿಗೆ ಇಂದು ಬರವಿಲ್ಲ. ಪರಿಣಾಮಕಾರಿ ವ್ಯಕ್ತಿಗಳ ಏಳು ಹವ್ಯಾಸಗಳು, ಯಶಸ್ವೀ ನಾಯಕರ ಇಪ್ಪತ್ತೊಂದು ನಿಯಮಗಳು ಮುಂತಾದ ಪಟ್ಟಿಗಳು ರೈಲ್ವೆ ನಿಲ್ದಾಣದ ಪುಸ್ತಕದಂಗಡಿಯಲ್ಲೂ ಸಿಗುತ್ತವೆ. ಇವುಗಳಲ್ಲಿ ಕ್ರೈಸ್ತ ನಾಯಕತ್ವದ ಸಾಹಿತ್ಯ ಒಂದು ದೊಡ್ಡ ಶಾಖೆಯಾಗಿಯೇ ಬೆಳೆದಿದೆ. ಅಮೆರಿಕದ ಜಾನ್ ಮ್ಯಾಕ್ಸ್‌ವೆಲ್‌ರಂತಹ ಪಾದ್ರಿಗಳು ಈ ಕ್ಷೇತ್ರದಲ್ಲಿ ಜಗತ್ಪ್ರಸಿದ್ಧರು. ಪ್ರಾರ್ಥನೆ, ವಿನಯ, ಸಮಯಪಾಲನೆ, ದೂರದೃಷ್ಟಿ, ಆಲಿಸುವ ತಾಳ್ಮೆ ಎಂಬ ಗುಣಗಳನ್ನು ಇಂತಹ ಪುಸ್ತಕಗಳು ಎಣಿಸುತ್ತವೆ. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಒಂದು ಪ್ರಶ್ನೆಯನ್ನು ಈ ಪಟ್ಟಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಈ ಗುಣಗಳೆಲ್ಲ ಯಾರ ಪರವಾಗಿ, ಯಾರ ವಿರುದ್ಧ ಬಳಕೆಯಾಗಬೇಕು? ಅನುಯಾಯಿಗಳ ಸಂಖ್ಯೆಯೇ ನಾಯಕನ ಅಳತೆಗೋಲಾದರೆ ಪೀಡಕನೂ ಪರಿಣಾಮಕಾರಿ ನಾಯಕನೇ ಆಗಿಬಿಡುತ್ತಾನೆ.

ಆದ್ದರಿಂದ ಪಟ್ಟಿಗಳನ್ನು ಬದಿಗಿಟ್ಟು, ಒಬ್ಬ ಕ್ರೈಸ್ತ ನಾಯಕ ತನ್ನ ಕೈಯಾರೆ ಬರೆದ ಕೃತಿಯನ್ನು ನಾವು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. ಅದು ದಕ್ಷಿಣ ಆಫ್ರಿಕದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 1999ರಲ್ಲಿ ಪ್ರಕಟಿಸಿದ 'ನೋ ಫ್ಯೂಚರ್ ವಿತೌಟ್ ಫರ್ಗಿವ್‌ನೆಸ್'. ಕ್ಷಮೆಯಿಲ್ಲದೆ ಭವಿಷ್ಯವಿಲ್ಲ ಎಂಬುದು ಆ ಶೀರ್ಷಿಕೆಯ ಅರ್ಥ. ಸತ್ಯ ಮತ್ತು ಸಂಧಾನ ಆಯೋಗದ ಅಧ್ಯಕ್ಷರಾಗಿ ತಾವು ಕಂಡದ್ದನ್ನೂ ಕೇಳಿದ್ದನ್ನೂ ಅವರು ಅದರಲ್ಲಿ ದಾಖಲಿಸಿದ್ದಾರೆ.

ಟುಟು 1931ರಲ್ಲಿ ಕ್ಲರ್ಕ್ಸ್‌ಡಾರ್ಪ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಶಾಲಾ ಶಿಕ್ಷಕರು, ತಾಯಿ ಅಡುಗೆ ಮತ್ತು ಮನೆಗೆಲಸ ಮಾಡುತ್ತಿದ್ದವರು. ತಾವೂ ಶಿಕ್ಷಕರಾಗಿದ್ದ ಟುಟು, ಕರಿಯರ ಮಕ್ಕಳಿಗೆ ಕೀಳು ಶಿಕ್ಷಣ ನೀಡುವ ಸರಕಾರದ ನೀತಿಯನ್ನು ಪ್ರತಿಭಟಿಸಿ ಆ ವೃತ್ತಿ ತೊರೆದು ಪಾದ್ರಿಯಾದರು. 1984ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. 1986ರಲ್ಲಿ ಕೇಪ್‌ಟೌನಿನ ಆರ್ಚ್‌ಬಿಷಪ್ ಆದರು. ನಸುಕಿನಲ್ಲೇ ಎದ್ದು ಪ್ರಾರ್ಥಿಸುವುದು, ಮೌನ, ಉಪವಾಸ ಅವರ ಬದುಕಿನ ನಿಷ್ಠುರ ಶಿಸ್ತುಗಳಾಗಿದ್ದವು. ತಹಜ್ಜುದ್ ಮತ್ತು ರೋಝಾದ ಮಹತ್ವ ಬಲ್ಲ ನಮ್ಮ ಓದುಗರಿಗೆ ಇದು ಅಪರಿಚಿತವೆನಿಸದು. ಆದರೆ ಅವರ ಪ್ರಾರ್ಥನೆ ಅವರನ್ನು ಬೀದಿಯಿಂದ ದೂರ ಇಡಲಿಲ್ಲ, ಬೀದಿಗೇ ಕಳುಹಿಸಿತು. 1989ರ ಸೆಪ್ಟೆಂಬರ್ 13ರಂದು ಕೇಪ್‌ಟೌನಿನಲ್ಲಿ ಸುಮಾರು 30,000 ಜನರ ಮೆರವಣಿಗೆಯ ಮುಂದೆ ಅವರಿದ್ದರು. ಅವರ ಜೊತೆ ಮುಸ್ಲಿಮ್ ಧಾರ್ಮಿಕ ನಾಯಕರೂ ಹೆಜ್ಜೆ ಹಾಕಿದ್ದರು.

ತನ್ನವರ ಎದುರು ನಿಲ್ಲುವ ಧೈರ್ಯ

ಶತ್ರುವನ್ನು ಟೀಕಿಸುವುದು ಸುಲಭ, ಅದಕ್ಕೆ ಚಪ್ಪಾಳೆಯೂ ಸಿಗುತ್ತದೆ. ನಾಯಕನ ನಿಜವಾದ ಪರೀಕ್ಷೆ ತನ್ನವರು ತಪ್ಪು ಮಾಡಿದಾಗ ನಡೆಯುತ್ತದೆ. 1985ರ ಜುಲೈಯಲ್ಲಿ ಡುಡೂಝಾ ಎಂಬಲ್ಲಿ ಶವಸಂಸ್ಕಾರವೊಂದರ ಬಳಿಕ, ಪೊಲೀಸ್ ಮಾಹಿತಿದಾರನೆಂಬ ಶಂಕೆಯಿಂದ ಒಬ್ಬನನ್ನು ಜೀವಂತ ಸುಡಲು ಜನರ ಗುಂಪು ಮುಂದಾಯಿತು. ಟುಟು ಮತ್ತು ಅವರ ಸಂಗಡಿಗರು ಆ ಗುಂಪಿನ ಮಧ್ಯೆ ನುಗ್ಗಿ ಅವನನ್ನು ಉಳಿಸಿದರು. ಆ ಗುಂಪು ಅವರ ಜನರದ್ದೇ, ಆ ಸಿಟ್ಟಿಗೆ ಕಾರಣವಾದ ಅನ್ಯಾಯವೂ ನಿಜವಾದದ್ದೇ. ಆದರೂ ನ್ಯಾಯದ ಹೋರಾಟ ಅನ್ಯಾಯದ ದಾರಿ ಹಿಡಿಯಬಾರದೆಂದು ಅವರು ಹಟ ಹಿಡಿದರು. 1998ರಲ್ಲಿ ಆಯೋಗದ ವರದಿ ತನ್ನ ಹೋರಾಟಗಾರರ ತಪ್ಪುಗಳನ್ನೂ ಎತ್ತಿ ತೋರಿದಾಗ ಆಡಳಿತ ಪಕ್ಷವಾದ ಎ.ಎನ್.ಸಿ. ಅದರ ಪ್ರಕಟಣೆ ತಡೆಯಲು ನ್ಯಾಯಾಲಯಕ್ಕೆ ಹೋಯಿತು. ಟುಟು ಜಗ್ಗಲಿಲ್ಲ. ಆ ಪ್ರಯತ್ನ ವಿಫಲವಾಗಿ ಅಕ್ಟೋಬರ್ 29ರಂದು ವರದಿ ಮಂಡೇಲರ ಕೈ ಸೇರಿತು.

2012ರಲ್ಲಿ ನಡೆದ ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಜೊಹಾನ್ಸ್‌ಬರ್ಗ್‌ನಲ್ಲಿ ನಾಯಕತ್ವದ ಕುರಿತೇ ಒಂದು ಸಮಾವೇಶವಿತ್ತು. ಟೋನಿ ಬ್ಲೇರ್ ಅಲ್ಲಿ ಭಾಷಣಕಾರರಲ್ಲೊಬ್ಬರು. ಇರಾಕನ್ನು ಸುಳ್ಳಿನ ಆಧಾರದ ಮೇಲೆ ಆಕ್ರಮಿಸಿದವರ ಜೊತೆ ವೇದಿಕೆ ಹಂಚಿಕೊಳ್ಳಲಾರೆನೆಂದು ಟುಟು ಹಿಂದೆ ಸರಿದರು. ಫೆಲೆಸ್ತೀನಿಯರ ಮೇಲಿನ ದಬ್ಬಾಳಿಕೆಯನ್ನು ಅವರು ವರ್ಣಭೇದದೊಂದಿಗೆ ಹೋಲಿಸಿದರು. 2017ರಲ್ಲಿ ರೋಹಿಂಗ್ಯಾ ಮುಸ್ಲಿಮರ ಮೇಲಿನ ದೌರ್ಜನ್ಯದ ಬಗ್ಗೆ ಆಂಗ್ ಸಾನ್ ಸೂ ಕೀಗೆ ಬಹಿರಂಗ ಪತ್ರ ಬರೆದರು. ಸಂತ್ರಸ್ತರ ಧರ್ಮ ನೋಡಿ ಕಣ್ಣೀರು ಸುರಿಸುವವರ ನಡುವೆ ಇದು ಅಪರೂಪದ ಗುಣ.

ಕೃತಿಯ ಶಕ್ತಿ

1995ರ ಕಾಯ್ದೆಯ ಮೂಲಕ ಸತ್ಯ ಮತ್ತು ಸಂಧಾನ ಆಯೋಗ ರಚನೆಯಾಯಿತು. ಆ ಕಾಯ್ದೆಯನ್ನು ಸಂಸತ್ತಿನಲ್ಲಿ ಮುನ್ನಡೆಸಿದ ನ್ಯಾಯ ಸಚಿವ ದುಲ್ಲಾ ಉಮರ್ ಕೇಪ್‌ಟೌನಿನ ಮುಸ್ಲಿಮ್ ವಕೀಲರು. ವರ್ಣಭೇದ ಸರಕಾರದ ಗುಪ್ತದಳ ಅವರ ಹೃದ್ರೋಗದ ಮಾತ್ರೆಗಳನ್ನು ಬದಲಿಸಿ ಕೊಲ್ಲುವ ಸಂಚು ಹೂಡಿತ್ತು ಎಂಬುದನ್ನು ನೆನೆದರೆ, ಆ ಕಾಯ್ದೆಯ ಹಿಂದಿದ್ದ ಸಂಯಮ ಎಷ್ಟೆಂದು ತಿಳಿಯುತ್ತದೆ. 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ನಗರದಲ್ಲಿ ಬಹಿರಂಗ ವಿಚಾರಣೆ ಆರಂಭವಾಯಿತು. 21,000ಕ್ಕೂ ಹೆಚ್ಚು ಸಂತ್ರಸ್ತರು ಹೇಳಿಕೆ ನೀಡಿದರು. ಆರಂಭದ ದಿನಗಳಲ್ಲೇ ಒಬ್ಬ ವೃದ್ಧನ ಹಿಂಸೆಯ ಕಥೆ ಕೇಳಿ ಅಧ್ಯಕ್ಷರೇ ಮೇಜಿನ ಮೇಲೆ ತಲೆಯಿಟ್ಟು ಅತ್ತರು.

ಟುಟು ಕೃತಿಯ ಶಕ್ತಿ ಇರುವುದು ಈ ಆಲಿಸುವಿಕೆಯಲ್ಲಿ. ಮಗನನ್ನು ಕಳೆದುಕೊಂಡ ತಾಯಿಯ ಮಾತನ್ನು ಅವರು ಅಂಕಿ ಅಂಶವಾಗಿ ಇಳಿಸುವುದಿಲ್ಲ. 'ಉಬುಂಟು' ಎಂಬ ಆಫ್ರಿಕನ್ ಕಲ್ಪನೆಯನ್ನು, ಅಂದರೆ ಮನುಷ್ಯ ಇತರ ಮನುಷ್ಯರ ಮೂಲಕವೇ ಮನುಷ್ಯನಾಗುತ್ತಾನೆಂಬ ತಿಳಿವಳಿಕೆಯನ್ನು, ಅವರು ಕ್ರೈಸ್ತ ಕ್ಷಮೆಯೊಂದಿಗೆ ಜೋಡಿಸುತ್ತಾರೆ. ಕ್ಷಮೆಯೆಂದರೆ ಮರೆವಲ್ಲ ಎಂದು ಒತ್ತಿ ಹೇಳುತ್ತಾರೆ. ತಪ್ಪನ್ನು ಅದರ ಹೆಸರಿನಿಂದಲೇ ಕರೆಯದೆ ಕ್ಷಮೆ ಸಾಧ್ಯವಿಲ್ಲವೆಂಬುದು ಅವರ ನಿಲುವು.

ನಮ್ಮ ಭಿನ್ನಮತ

ಆದರೆ ಇಲ್ಲಿಯೇ ನಮ್ಮ ಭಿನ್ನಮತವನ್ನೂ ದಾಖಲಿಸಬೇಕಾಗಿದೆ. ಕ್ಷಮಿಸುವ ಹಕ್ಕು ಯಾರದು? ರಾಜಕೀಯ ಉದ್ದೇಶದಿಂದ ಅಪರಾಧ ಎಸಗಿದವರು ಸತ್ಯವನ್ನು ಪೂರ್ತಿ ಹೇಳಿದರೆ ಅವರಿಗೆ ಶಿಕ್ಷೆಯಿಂದ ವಿನಾಯಿತಿ ಎಂಬುದು ಆ ಕಾಯ್ದೆಯ ನಿಯಮ. ಪಶ್ಚಾತ್ತಾಪ ಕಡ್ಡಾಯವಾಗಿರಲಿಲ್ಲ, ಸಂತ್ರಸ್ತರ ಒಪ್ಪಿಗೆಯೂ ಬೇಕಿರಲಿಲ್ಲ. ಸ್ಟೀವ್ ಬೀಕೋರ ಕುಟುಂಬ ಮತ್ತಿತರರು ಇದನ್ನು ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿ 1996ರಲ್ಲಿ ಸೋತರು. ಇಸ್ಲಾಮ್ ಕ್ಷಮೆಯನ್ನು ಅತ್ಯುನ್ನತ ಗುಣವೆಂದು ಬೋಧಿಸುತ್ತದೆ. ಆದರೆ ಅದು ಮೊದಲು ಅನ್ಯಾಯಕ್ಕೊಳಗಾದವನ ನ್ಯಾಯದ ಹಕ್ಕನ್ನು ಸ್ಥಾಪಿಸುತ್ತದೆ. ಬಳಿಕ ಕ್ಷಮಿಸಿದವನಿಗೆ ಅಲ್ಲಾಹನ ಬಳಿ ಪ್ರತಿಫಲವಿದೆಯೆಂದು ಪ್ರೋತ್ಸಾಹಿಸುತ್ತದೆ. ಕೊಲೆಯಾದವನ ವಾರಸುದಾರರು ಕ್ಷಮಿಸಬಹುದು, ಅವರ ಪರವಾಗಿ ಬೇರೆಯವರು ಕ್ಷಮಿಸುವಂತಿಲ್ಲ. ಪ್ರವಾದಿ ಮುಹಮ್ಮದ್(ಸ) ವಿದಾಯದ ಹಜ್ಜ್‌ನಲ್ಲಿ ಹಳೆಯ ರಕ್ತದ ಸೇಡುಗಳನ್ನು ರದ್ದುಪಡಿಸಿದಾಗ ಮೊದಲು ಬಿಟ್ಟುಕೊಟ್ಟದ್ದು ಸ್ವಂತ ಮನೆತನದ ಹಕ್ಕನ್ನೇ. ಟುಟು ಯಾರನ್ನೂ ಬಲವಂತವಾಗಿ ಕ್ಷಮಿಸಲು ಹೇಳಲಿಲ್ಲ ನಿಜ. ಆದರೆ ಪವಿತ್ರ ಉಡುಪಿನ ಆರ್ಚ್‌ಬಿಷಪ್ ಎದುರಿಗೆ ಕುಳಿತು, ಸುತ್ತ ಕ್ಯಾಮರಾಗಳಿರುವಾಗ, ನಾನು ಕ್ಷಮಿಸಲಾರೆ ಎನ್ನುವುದು ಒಬ್ಬ ಬಡ ವಿಧವೆಗೆ ಎಷ್ಟು ಸುಲಭವಿತ್ತು? ಕೃತಿ ಈ ಪ್ರಶ್ನೆಯನ್ನು ಸಾಕಷ್ಟು ಎದುರಿಸುವುದಿಲ್ಲ.

ಎರಡನೆಯ ಆಕ್ಷೇಪ ಉಗಾಂಡದ ಚಿಂತಕ ಮಹಮೂದ್ ಮಮ್ದಾನಿಯವರದು. ಹಿಂಸಿಸಿದ ಪೊಲೀಸರು ಮತ್ತು ಹಿಂಸೆಗೊಳಗಾದ ಕಾರ್ಯಕರ್ತರ ಮೇಲೆ ಆಯೋಗ ದೃಷ್ಟಿ ನೆಟ್ಟಿತು. ಆದರೆ ಮನೆ, ಜಮೀನು ಕಳೆದುಕೊಂಡು ಎತ್ತಂಗಡಿಯಾದ ಲಕ್ಷಾಂತರ ಜನರೂ ಆ ವ್ಯವಸ್ಥೆಯಿಂದ ಲಾಭ ಪಡೆದ ಬಿಳಿಯರೂ ಚಿತ್ರದಿಂದ ಬಹುಮಟ್ಟಿಗೆ ಹೊರಗುಳಿದರು ಎಂಬುದು ಅವರ ವಾದ. ಈ ವಾದದಲ್ಲಿ ತೂಕವಿದೆ. ಕಿತ್ತುಕೊಂಡದ್ದನ್ನು ಹಿಂದಿರುಗಿಸದೆ ಮಾಡುವ ತೌಬಾ ಪೂರ್ಣವಾಗದು. ಆಯೋಗ ಆರು ವರ್ಷಗಳ ವಾರ್ಷಿಕ ಪರಿಹಾರಕ್ಕೆ ಶಿಫಾರಸು ಮಾಡಿದ್ದರೆ, ಸರಕಾರ 2003ರಲ್ಲಿ ಒಂದೇ ಬಾರಿಗೆ ತಲಾ 30,000 ರ‍್ಯಾಂಡ್ ಎಂದು ತೀರ್ಮಾನಿಸಿತು. ವಿನಾಯಿತಿ ಸಿಗದವರ ಮೇಲೂ ಮೊಕದ್ದಮೆಗಳು ನಡೆದದ್ದು ತೀರಾ ವಿರಳ.

ಕೇಪ್‌ಟೌನಿನ ಇಮಾಮ್ ಅಬ್ದುಲ್ಲಾ ಹಾರೂನ್‌ರ ಉದಾಹರಣೆ ನೋಡಿ. ವರ್ಣಭೇದವನ್ನು ವಿರೋಧಿಸಿದ ಅವರನ್ನು 1969ರ ಮೇ 28ರಂದು ಬಂಧಿಸಲಾಯಿತು. ಸೆಪ್ಟೆಂಬರ್ 27ರಂದು ಪೊಲೀಸ್ ವಶದಲ್ಲೇ ಅವರು ಮೃತಪಟ್ಟರು. ಮೆಟ್ಟಿಲಿನಿಂದ ಬಿದ್ದರೆಂದು ಪೊಲೀಸರು ಹೇಳಿದರು. 1971ರಲ್ಲಿ ಬರ್ನಾರ್ಡ್ ರ‍್ಯಾಂಕ್‌ಮೋರ್ ಎಂಬ ಆಂಗ್ಲಿಕನ್ ಪಾದ್ರಿ ಇದರ ತನಿಖೆಗೆ ಆಗ್ರಹಿಸಿ, ಸಿಗ್ನಲ್ ಹಿಲ್ ಗುಡ್ಡದ ಮುಸ್ಲಿಮ್ ದರ್ಗಾದಲ್ಲಿ ಕುಳಿತು ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸ ಮಾಡಿದರು. ಸರಕಾರ ಕದಲಲಿಲ್ಲ. ಇಮಾಮರು ಸತ್ತದ್ದು ಚಿತ್ರಹಿಂಸೆಯಿಂದಲೇ ಎಂದು ನ್ಯಾಯಾಲಯ ತೀರ್ಪು ನೀಡಿದ್ದು 2023ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅವರನ್ನು ಹಿಂಸಿಸಿದ ಮುಖ್ಯ ಅಧಿಕಾರಿಗಳು ತೀರಿಹೋಗಿದ್ದರು. ಅವರ ಪತ್ನಿ ಗಲೀಮಾ ಹಾರೂನ್ 2019ರಲ್ಲೇ ನಿಧನರಾಗಿದ್ದರು. ಆ ಮನೆಯವರು ಯಾರನ್ನು ಕ್ಷಮಿಸಬೇಕಿತ್ತು? ಅಪರಾಧ ಒಪ್ಪಿಕೊಳ್ಳಲು ಯಾರೂ ಮುಂದೆ ಬಾರದಿದ್ದಾಗ ಕ್ಷಮೆಯ ಮಾತು ಗಾಳಿಯಲ್ಲಿ ತೇಲುತ್ತದೆ.

ಟುಟು ಈ ಕೊರತೆಯನ್ನು ಅರಿಯದವರಲ್ಲ. ಪರಿಹಾರ ಕೊಡಲು ಹಿಂಜರಿದ ಸರಕಾರವನ್ನು ಅವರು ಟೀಕಿಸಿದರು. 2011ರಲ್ಲಿ, ವರ್ಣಭೇದದಿಂದ ಲಾಭ ಪಡೆದ ಬಿಳಿಯರು ಸಂಪತ್ತಿನ ತೆರಿಗೆ ಕೊಡಬೇಕೆಂದು ಬಹಿರಂಗವಾಗಿ ಸೂಚಿಸಿದರು. ಕೃತಿ ಬಿಟ್ಟುಹೋದ ಅಧ್ಯಾಯವನ್ನು ಅವರ ನಂತರದ ಬದುಕು ಬರೆಯಲು ಯತ್ನಿಸಿತು ಎನ್ನಬಹುದು. 2021ರ ಡಿಸೆಂಬರ್ 26ರಂದು ಅವರು ನಿಧನರಾದಾಗ, ಅವರ ಇಚ್ಛೆಯಂತೆಯೇ ಪಾರ್ಥಿವ ಶರೀರವನ್ನು ಅತಿ ಸಾದಾ ಪೈನ್ ಮರದ ಪೆಟ್ಟಿಗೆಯಲ್ಲಿ ಇಡಲಾಗಿತ್ತು.

ಈ ಕೃತಿಯನ್ನು ನಮ್ಮ ಓದುಗರು, ವಿಶೇಷವಾಗಿ ಸಮುದಾಯದ ಹೊಣೆ ಹೊತ್ತವರು ಓದಬೇಕು. ಜಮಾಅತಿನ ಕಮಿಟಿಯಲ್ಲಿ ಕುರ್ಚಿ ಹಿಡಿಯುವುದನ್ನೇ, ಮಂತ್ರಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನೇ ನಾಯಕತ್ವವೆಂದು ತಿಳಿದವರು ನಮ್ಮಲ್ಲೂ ಕಡಿಮೆಯಿಲ್ಲ. ತನ್ನ ಜನರ ಗುಂಪು ಒಬ್ಬನನ್ನು ಸುಡಲು ಹೊರಟಾಗ ಅದರ ಮಧ್ಯೆ ನುಗ್ಗಿದ, ಅಧಿಕಾರಕ್ಕೆ ಬಂದ ತನ್ನ ಗೆಳೆಯರಿಗೂ ಸತ್ಯ ಹೇಳಿದ, ಪರಧರ್ಮದವನ ನೋವಿಗೆ ದನಿಯಾದ ಈ ಪಾದ್ರಿಯ ಹವ್ಯಾಸಗಳು ಯಾವುದೇ ಧರ್ಮದ ನಾಯಕನಿಗೂ ಬೇಕಾದವುಗಳೇ. ಕ್ಷಮೆಯ ಬಗ್ಗೆ ಅವರೊಂದಿಗೆ ಪೂರ್ತಿ ಒಪ್ಪಲು ನಮಗೆ ಸಾಧ್ಯವಾಗದಿರಬಹುದು. ಆದರೆ ಕ್ಷಮೆಯ ಮಾತಾಡುವ ಮುನ್ನ ನೊಂದವರ ಎದುರು ಕುಳಿತು ಅವರ ಮಾತನ್ನು ಕೊನೆಯವರೆಗೆ ಕೇಳಬೇಕೆಂಬುದನ್ನು ಅವರು ನಡೆದು ತೋರಿಸಿದ್ದಾರೆ. ನಮ್ಮ ನಾಯಕರು ಕನಿಷ್ಠ ಅಷ್ಟನ್ನಾದರೂ ರೂಢಿಸಿಕೊಳ್ಳಲಿ.