ಕನಸಿನ ಹಿಂದೆ ಬಿದ್ದ ಚೆಕ್ಕು

ಮಾರ್ಟಿನ್ ಲೂಥರ್ ಕಿಂಗ್ ಎಂದಕೂಡಲೇ ಭಾಷಣ ಸ್ಪರ್ಧೆಯ ಹುಡುಗನಿಂದ ಹಿಡಿದು ಸಂಪಾದಕೀಯ ಬರೆಯುವವರ ತನಕ ಎಲ್ಲರಿಗೂ ಕನಸೇ ನೆನಪಾಗುತ್ತದೆ. 1963ರ ಆಗಸ್ಟ್ 28ರಂದು ಲಿಂಕನ್ ಸ್ಮಾರಕದೆದುರು ಮೆರವಣಿಗೆಯಲ್ಲಿ ಬಂದಿದ್ದ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಅವರು ಆಡಿದ್ದು ಸುಮಾರು 17 ನಿಮಿಷ. ಕನಸು ಬರುವುದು ಅದರ ಕೊನೆಯ ಭಾಗದಲ್ಲಿ. ಅದಕ್ಕೂ ಮುಂಚೆ ಒಂದು ಚೆಕ್ಕು ಬರುತ್ತದೆ. ಅದನ್ನು ಯಾರೂ ಉರು ಹೊಡೆಯುವುದಿಲ್ಲ. ಕನಸಿಗೆ ಸಿಕ್ಕ ಕೀರ್ತಿ ಅದರ ಯೋಗ್ಯತೆಗಿಂತ ಹೆಚ್ಚಾಯಿತು, ಚೆಕ್ಕಿಗೆ ಅನ್ಯಾಯವಾಯಿತು ಎಂಬುದು ನನ್ನ ತಕರಾರು.

ಆ ರೂಪಕವನ್ನು ಬಿಡಿಸಿ ನೋಡೋಣ. ಸ್ವಾತಂತ್ರ್ಯ ಘೋಷಣೆಯನ್ನೂ ಸಂವಿಧಾನವನ್ನೂ ಬರೆದವರು ಪ್ರತಿಯೊಬ್ಬ ಅಮೆರಿಕನ್ನನ ಹೆಸರಿಗೆ ಒಂದು ಪ್ರಾಮಿಸರಿ ನೋಟು ಬರೆದುಕೊಟ್ಟರು. ಕಪ್ಪುಜನರ ಸರದಿ ಬಂದಾಗ ದೇಶ ಕೊಟ್ಟದ್ದು ಖಾತೆಯಲ್ಲಿ ಹಣವಿಲ್ಲವೆಂದು ವಾಪಸಾದ ಚೆಕ್ಕು. ಆದರೂ ನ್ಯಾಯದ ಬ್ಯಾಂಕು ದಿವಾಳಿಯೆದ್ದಿದೆಯೆಂದು ನಾವು ನಂಬೆವು. ಇದು ವಾದದ ಸಾರ. ಲೆಕ್ಕಪತ್ರ ಬಲ್ಲವನು ಇಲ್ಲಿ ಹುಬ್ಬೇರಿಸುತ್ತಾನೆ. ನೋಟು ಬೇರೆ, ಚೆಕ್ಕು ಬೇರೆ. ಒಂದರಲ್ಲಿರುವುದು ಸಾಲಗಾರನ ಮಾತು, ಇನ್ನೊಂದರಲ್ಲಿ ಬ್ಯಾಂಕಿಗೆ ಕೊಟ್ಟ ಆದೇಶ. ಅದರ ಮೇಲೆ, ಖಾತೆ ಬರಿದಾಗುವುದಕ್ಕೂ ಬ್ಯಾಂಕು ಮುಳುಗುವುದಕ್ಕೂ ಏನು ಸಂಬಂಧ? ಎಡವಟ್ಟಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಚೆಕ್ ಬೌನ್ಸ್ ಕೇಸಿಗಾಗಿ ಕೋರ್ಟಿಗೆ ಅಲೆದ ಯಾವ ಅಂಗಡಿಯವರನ್ನಾದರೂ ಕೇಳಿ. ಅವರು ಬ್ಯಾಂಕನ್ನು ಬಯ್ಯುವುದಿಲ್ಲ, ಚೆಕ್ಕಿಗೆ ಸಹಿ ಹಾಕಿದವನನ್ನು ಹುಡುಕಿಕೊಂಡು ಹೋಗುತ್ತಾರೆ. ಕಿಂಗ್ ಮಾಡಿದ್ದು ಅದನ್ನೇ. ಸಂವಿಧಾನದ ಮೇಲಿನ ನಂಬಿಕೆ ಬಿಡದೆ ಸರ್ಕಾರವನ್ನು ಕಟಕಟೆಗೆ ಹತ್ತಿಸಿದರು. ಜೊತೆಗೆ, ಬಾಕಿ ಬರಬೇಕಾದವನು ಅಂಗಲಾಚುವುದಿಲ್ಲ, ವಸೂಲಿಗೆ ಬರುತ್ತಾನೆ. ಮೆರವಣಿಗೆ ಬಂದವರನ್ನು ಒಂದೇ ರೂಪಕ ಸಾಲ ಕೊಟ್ಟವರನ್ನಾಗಿ ಮಾಡಿಬಿಟ್ಟಿತು.

ಆ ಪ್ಯಾರಾದ ಹಿಂದೆ ನಿಜವಾದ ಸಾಲವೂ ಇತ್ತು. ಅದೇ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿಭಟಿಸಿ ಜೈಲು ಸೇರಿದವರ ಜಾಮೀನಿಗೆ ಹಣ ಹೊಂದಿಸಲು ಕಿಂಗ್ ಅವರ ವಕೀಲ ಕ್ಲಾರೆನ್ಸ್ ಜೋನ್ಸ್ ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಪ್ರಾಮಿಸರಿ ನೋಟಿಗೆ ಸಹಿ ಹಾಕಿದ್ದರು. ಭಾಷಣದ ಕರಡಿನಲ್ಲಿ ಕೈಯಾಡಿಸಿದವರೂ ಅವರೇ.

ಒಂದು ಕೊರತೆಯನ್ನು ಒಪ್ಪಿಕೊಳ್ಳುತ್ತೇನೆ. ಚೆಕ್ಕಿನಲ್ಲಿ ಮೊತ್ತದ ಜಾಗ ಖಾಲಿ ಇದೆ. ಅದನ್ನು ಕಿಂಗ್ ತುಂಬತೊಡಗಿದ್ದು 1968ರಲ್ಲಿ. ಬಿಳಿಯ ರೈತರಿಗೆ ಪುಕ್ಕಟೆ ಜಮೀನು, ಅಗ್ಗದ ಸಾಲ, ಸಬ್ಸಿಡಿ ಕೊಟ್ಟ ಸರ್ಕಾರ ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ನೆಲ ಕೊಡಲಿಲ್ಲ, ಆ ಚೆಕ್ಕನ್ನು ವಸೂಲು ಮಾಡಲು ವಾಷಿಂಗ್‌ಟನ್ನಿಗೆ ಬರುತ್ತಿದ್ದೇವೆ ಎಂದರು. ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಕೊಲೆಯಾದಾಗ ಅವರು ಅಲ್ಲಿಗೆ ಬಂದಿದ್ದುದು ಕಸದ ಲಾರಿಗೆ ಸಿಕ್ಕಿ ಇಬ್ಬರು ಸತ್ತ ಮೇಲೆ ಮುಷ್ಕರ ಹೂಡಿದ್ದ ನಗರದ ಪೌರಕಾರ್ಮಿಕರ ಪರವಾಗಿ.

ಇದನ್ನೆಲ್ಲ ಹೇಳಿದರೆ, ಅದು ಕೊನೆಗಾಲದ ಕಿಂಗ್, ವಿಯೆಟ್ನಾಂ ಯುದ್ಧ ಅವರನ್ನು ಎಡಕ್ಕೆ ತಳ್ಳಿತು ಎಂದು ವಿಮರ್ಶಕರು ಸಮಾಧಾನ ಹೇಳುತ್ತಾರೆ. ಇವರು ಆ ಮೆರವಣಿಗೆಯ ಹೆಸರನ್ನಾದರೂ ಓದಿದ್ದಾರೆಯೇ? ಅದು ಉದ್ಯೋಗ ಮತ್ತು ಸ್ವಾತಂತ್ರ್ಯಕ್ಕಾಗಿ ಹೊರಟ ಮೆರವಣಿಗೆ, ಉದ್ಯೋಗ ಮೊದಲು. ಇನ್ನೊಂದು ಗುಂಪಿನ ಪ್ರಕಾರ ಕನಸು ಬರೆದಿಟ್ಟ ಪ್ರತಿಯಲ್ಲಿ ಇರಲಿಲ್ಲ, ಗಾಯಕಿ ಮಹಾಲಿಯಾ ಜಾಕ್ಸನ್ ಕೂಗಿ ನೆನಪಿಸಿದಾಗ ಹೊಮ್ಮಿತು, ಆದ್ದರಿಂದ ಅದೇ ಅಸಲಿ. ಹೊಮ್ಮಿತು, ನಿಜ. ಆದರೆ ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ, ಹಿಂದಿನ ವರ್ಷ ನಾರ್ತ್ ಕ್ಯಾರೊಲೈನಾದಲ್ಲಿ ಅವರು ಅದನ್ನು ಆಡಿದ್ದರು. ನಮ್ಮ ಹರಿದಾಸರು ಸಭೆ ಸೋತಾಗ ಪಳಗಿದ ಉಪಕಥೆ ತೆಗೆಯುತ್ತಾರಲ್ಲ, ಹಾಗೆ. ಕಲೆ ದೊಡ್ಡದು, ದೈವಾವೇಶ ಎನ್ನಬೇಡಿ.

ಕನಸಿನಲ್ಲಿ ಇನ್ನೂ ಒಂದು ಅಪಾಯವಿದೆ, ಯಾರು ಬೇಕಾದರೂ ಅದನ್ನು ಕಾಣಬಹುದು. ಅದರಲ್ಲಿ ಬರುವ, ಬಣ್ಣದ ಬದಲು ಗುಣ ನೋಡಿ ಎಂಬ ಮಾತನ್ನು ಅಮೆರಿಕದಲ್ಲಿ ಕಪ್ಪುಜನರ ಪರವಾದ ವಿಶೇಷ ಅವಕಾಶಗಳ ವಿರೋಧಿಗಳೇ ಹೆಚ್ಚು ಬಳಸಿದರು; ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ತಡೆಯಿತು. ಚೆಕ್ಕನ್ನು ಹೀಗೆ ತಿರುಚುವುದು ಕಷ್ಟ. ಅದು ಮೊತ್ತ ಎಷ್ಟೆಂದು ಕೇಳುತ್ತದೆ.

ಮೆರವಣಿಗೆಯವರು ಗಂಟೆಗೆ 2 ಡಾಲರ್ ಕನಿಷ್ಠ ಕೂಲಿ ಕೇಳಿದ್ದರು. ಇಂದಿನ ಬೆಲೆಯಲ್ಲಿ ಅದು ಸುಮಾರು 20 ಡಾಲರ್. ಅಮೆರಿಕದ ಒಕ್ಕೂಟ ಕಾನೂನು 2009ರಲ್ಲಿ ಗೊತ್ತುಮಾಡಿದ ಕೂಲಿ 7.25 ಡಾಲರ್, ಅದರ ಮೇಲೆ ಒಂದು ಸೆಂಟೂ ಏರಿಲ್ಲ.