ಜೊಳ್ಳೆಂದು ತೂರುವ ಮುನ್ನ

'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಎಂಬ ಕಂಪ್ಯೂಟರ್ ಆಟ ಆಡುವವರ ನಡುವೆ ಒಂದು ಮಾತು ಶಾಸ್ತ್ರದಂತೆ ನೆಲೆಯೂರಿದೆ. ಕೆಳಗಿನ ಲೀಗುಗಳಲ್ಲಿ ಮೇಲೆ ಬರುವ ಲಕ್ಷಣವಿರುವ ಹತ್ತು ಹದಿನೈದು ಹುಡುಗರ ಮೇಲಷ್ಟೇ ಕಣ್ಣಿಡು, ಮಿಕ್ಕವರು ಜಾಗ ತುಂಬಲು ಇರುವವರು, ಅವರನ್ನು ಕಂಪ್ಯೂಟರಿಗೆ ಒಪ್ಪಿಸಿಬಿಡು, ಸೀಸನ್ ಮುಗಿದ ಮೇಲೆ ಒಟ್ಟಿಗೆ ಕೈಬಿಡು. ಹೊಸಬರಿಗೆ ಹಳಬರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು. ನಾನೂ ಅದನ್ನು ನಂಬಿ ಹಲವು ಸೀಸನ್ ಆಡಿದೆ. ಈಗ ಆ ಪಾಠ ತಪ್ಪೆಂದು ನನಗೆ ಮನವರಿಕೆಯಾಗಿದೆ. ಗೆಲುವಿನ ಲೆಕ್ಕದಲ್ಲಿ ಅದು ತಪ್ಪು. ಮನುಷ್ಯರನ್ನು ಅಳೆಯುವ ಕ್ರಮವಾಗಿ ನೋಡಿದರೆ ಇನ್ನೂ ದೊಡ್ಡ ತಪ್ಪು.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಜರ್ಮನಿಯ ಮಾರ್ಕುಸ್ ಹೈನ್ಸೋನ್ ರೂಪಿಸಿದ ಈ ಆಟದ ಮೊದಲ ಆವೃತ್ತಿ ಬಂದದ್ದು 1999ರಲ್ಲಿ. ಇಲ್ಲಿ ನೀವು ಚೆಂಡು ಎಸೆಯುವುದಿಲ್ಲ, ಬ್ಯಾಟ್ ಬೀಸುವುದಿಲ್ಲ. ಒಂದು ಕ್ಲಬ್ಬಿನ ಜನರಲ್ ಮ್ಯಾನೇಜರ್ ಆಗಿ ಆಟಗಾರರನ್ನು ಆರಿಸುತ್ತೀರಿ, ಬೆಳೆಸುತ್ತೀರಿ, ಕಳಿಸುತ್ತೀರಿ. ಅಮೆರಿಕದ ಮೇಜರ್ ಲೀಗಿನಲ್ಲಿ 30 ಕ್ಲಬ್ಬುಗಳಿವೆ. ಪ್ರತಿ ಕ್ಲಬ್ಬಿನ ಕೆಳಗೆ ರೂಕಿ, ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ಮೆಟ್ಟಿಲುಗಳು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕ್ಲಬ್ಬಿನ ಬ್ರಾಂಚ್ ರಿಕಿ 1920ರ ದಶಕದಲ್ಲಿ ಕಟ್ಟಿದ ಈ ಏರ್ಪಾಡಿಗೆ ಅಲ್ಲಿ 'ಫಾರ್ಮ್' ಎಂದೇ ಹೆಸರು. ಅಂದರೆ ಹೊಲ. ಈ ಹೊಲದಲ್ಲಿ ನೂರಕ್ಕೂ ಹೆಚ್ಚು ಆಟಗಾರರಿರುತ್ತಾರೆ. ಮೇಲಿನ ತಂಡದಲ್ಲಿರುವ ಜಾಗ 26. ಪ್ರತಿಯೊಬ್ಬನ ಹೆಸರಿನ ಮುಂದೆ ಎರಡು ಅಂಕಗಳಿರುತ್ತವೆ: ಇಂದಿನ ಆಟದ್ದೊಂದು, ಮುಂದೆ ತಲುಪಬಹುದಾದ ಎತ್ತರದ್ದೊಂದು. ಬೇಸ್‌ಬಾಲ್ ಆಟಗಾರರನ್ನು ಅರಸಿ ತೂಗುವ ಸ್ಕೌಟುಗಳ ಹಳೆಯ ಅಳತೆಯಂತೆ ಅವು 20ರಿಂದ 80ರವರೆಗೆ ಹೋಗುತ್ತವೆ. 50 ಎಂದರೆ ಮೇಜರ್ ಲೀಗಿನ ಸಾಧಾರಣ ಆಟಗಾರ. ಎರಡನೆಯ ಅಂಕ 35ರ ಆಸುಪಾಸಿನಲ್ಲಿರುವವನನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ.

ಈ ನಿಲುವಿನ ಹಿಂದೆ ಕಾರಣಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಕೆಳಗಿನ ಲೀಗಿನವರಲ್ಲಿ ಹೆಚ್ಚಿನವರು ಮೇಲಿನ ಮೈದಾನವನ್ನು ಎಂದೂ ಮೆಟ್ಟುವುದಿಲ್ಲ. ನೂರೈವತ್ತು ಜನರನ್ನು ಒಬ್ಬೊಬ್ಬರಾಗಿ ಗಮನಿಸುವಷ್ಟು ಸಮಯ ಯಾರಿಗಿದೆ? ಎಲ್ಲಕ್ಕಿಂತ ಬಲವಾದ ಕಾರಣ ಇನ್ನೊಂದು: ಡಬಲ್-ಎಯಲ್ಲಿ ಇಪ್ಪತ್ತೇಳರ ಒಬ್ಬ ದಿನವೂ ಆಡುತ್ತಿದ್ದರೆ ಇಪ್ಪತ್ತರ ಹುಡುಗ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಆಡದ ಹುಡುಗ ಬೆಳೆಯುವುದಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳಬನ ಮೇಲಿನ ಮಮತೆಗೆ ಎಳೆಯನ ಬ್ಯಾಟಿಂಗ್ ಸರದಿಯನ್ನು ಬಲಿಕೊಡುವುದು ಮ್ಯಾನೇಜರಿಗೆ ತಕ್ಕುದಲ್ಲ.

ನನ್ನ ತಕರಾರು ಶುರುವಾಗುವುದು ಆ ಎರಡನೆಯ ಅಂಕದಿಂದ. ಅದನ್ನು ಕೊಟ್ಟವರು ಯಾರು? ನಿಮ್ಮ ಕ್ಲಬ್ಬಿನ ಸ್ಕೌಟ್. ಅವನ ಕೌಶಲ, ನೀವು ಸ್ಕೌಟಿಂಗಿಗೆ ಇಟ್ಟ ಹಣ, ಹುಡುಗನ ವಯಸ್ಸು, ಆಡುತ್ತಿರುವ ಹಂತ, ಇಷ್ಟನ್ನೂ ಅವಲಂಬಿಸಿ ಆ ಅಂಕ ಗುರಿಗೆ ಹತ್ತಿರ ಬೀಳುತ್ತದೆ ಅಥವಾ ದೂರ ಬೀಳುತ್ತದೆ. ಆಟದೊಳಗೇ ಓಎಸ್‌ಎ ಎಂಬ ಇನ್ನೊಂದು ಸ್ಕೌಟಿಂಗ್ ಸಂಸ್ಥೆಯಿದೆ, ಅದರ ಅಂಕಗಳೂ ನೋಡಲು ಸಿಗುತ್ತವೆ. ಒಬ್ಬನೇ ಆಟಗಾರನ ಬಗ್ಗೆ ಇಬ್ಬರ ಮಾತು ಬೇರೆಯಾಗುವುದು ಸಾಮಾನ್ಯ. ನನ್ನ ಡಬಲ್-ಎ ತಂಡದಲ್ಲಿ ಇಪ್ಪತ್ತಮೂರರ ಕ್ಯಾಚರ್ ಒಬ್ಬನಿದ್ದ. ನನ್ನ ಸ್ಕೌಟ್ ಅವನಿಗೆ 35 ಕೊಟ್ಟರೆ ಓಎಸ್‌ಎ 45 ಕೊಟ್ಟಿತ್ತು. ಇದರ ಮೇಲೆ ಆಟಗಾರನ ದುಡಿಮೆಯ ಗುಣ, ಬುದ್ಧಿ, ಸಿಗುವ ಕೋಚಿಂಗ್, ಯಾರ ಹಿಡಿತಕ್ಕೂ ಸಿಗದ ಆಕಸ್ಮಿಕ ಏರಿಳಿತ, ಎಲ್ಲವೂ ಸೇರಿ ಅಂಕವನ್ನು ವರ್ಷವರ್ಷವೂ ಅಲುಗಾಡಿಸುತ್ತವೆ. ಆ ಅಂಕ ಒಂದು ಅಭಿಪ್ರಾಯ, ಅಷ್ಟೆ. ಅಭಿಪ್ರಾಯವನ್ನೇ ತೀರ್ಪೆಂದು ಓದಿದ ಮ್ಯಾನೇಜರ್ ತನ್ನ ಕೆಲಸವನ್ನು ಸ್ಕೌಟಿಗೆ ಬಿಟ್ಟುಕೊಟ್ಟಂತೆ.

ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದು, ಒಕ್ಕಿ, ಗಾಳಿಗಾಗಿ ಕಾದು ಆಮೇಲೆ ತೂರುತ್ತಾರೆ. ಆಗ ಜೊಳ್ಳು ತಾನಾಗಿ ಹಾರಿ ದೂರ ಬೀಳುತ್ತದೆ. ಪೈರು ಇನ್ನೂ ಹೊಲದಲ್ಲಿ ನಿಂತಿರುವಾಗಲೇ ಯಾವ ತೆನೆ ಜೊಳ್ಳು ಎಂದು ನಿರ್ಧರಿಸಿ ಕಿತ್ತೆಸೆಯುವ ರೈತನಿಲ್ಲ.

ಇಂಥ ವಾದಕ್ಕೆ ಎಲ್ಲರೂ ತರುವ ಸಾಕ್ಷಿ ಮೈಕ್ ಪಿಯಾಝಾ. 1988ರ ಡ್ರಾಫ್ಟಿನಲ್ಲಿ, ಅಂದರೆ ಕ್ಲಬ್ಬುಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡಿನಲ್ಲಿ, ಡಾಡ್ಜರ್ಸ್ ಕ್ಲಬ್ ಅವರನ್ನು ಆರಿಸಿದ್ದು 62ನೇ ಸುತ್ತಿನಲ್ಲಿ, 1,390ನೇ ಹೆಸರಾಗಿ. ಅದೂ ಮ್ಯಾನೇಜರ್ ಟಾಮಿ ಲಸೋರ್ಡಾ ಅವರಿಗೆ ಪಿಯಾಝಾರ ತಂದೆಯೊಂದಿಗಿದ್ದ ಸ್ನೇಹದ ದಾಕ್ಷಿಣ್ಯಕ್ಕೆ. 2016ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದರು. ಕತೆ ದೊಡ್ಡದು, ಆದರೆ ನನ್ನ ವಾದ ಅದರ ಮೇಲೆ ನಿಂತಿಲ್ಲ. ಲಾಟರಿ ಹೊಡೆದವನನ್ನು ತೋರಿಸಿ ಟಿಕೆಟ್ ಕೊಳ್ಳಿ ಎಂದು ಹೇಳುವುದು ನ್ಯಾಯವಲ್ಲ.

ನನಗೆ ಹೆಚ್ಚು ಕಲಿಸಿದ್ದು ಟ್ರೆವರ್ ಹಾಫ್‌ಮನ್. 1989ರಲ್ಲಿ ಸಿನ್ಸಿನಾಟಿ ರೆಡ್ಸ್ ಕ್ಲಬ್ ಅವರನ್ನು 11ನೇ ಸುತ್ತಿನಲ್ಲಿ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗಕ್ಕೆ ಆರಿಸಿತ್ತು. ಕೆಳಗಿನ ಲೀಗುಗಳಲ್ಲಿ ಅವರ ಬ್ಯಾಟು ಓಡಲಿಲ್ಲ. ಆದರೆ ತೋಳಿನಲ್ಲಿ ಬಲವಿತ್ತು. ಅದನ್ನು ಗಮನಿಸಿದವರು 1991ರಲ್ಲಿ ಅವರನ್ನು ಚೆಂಡೆಸೆಯುವ ಪಿಚರ್ ಮಾಡಿದರು. 601 ಸೇವ್‌ಗಳೊಂದಿಗೆ (ಗೆಲುವನ್ನು ಕೊನೆಯಲ್ಲಿ ಕಾಯ್ದುಕೊಟ್ಟ ಪಂದ್ಯಗಳು) ಆಟ ಮುಗಿಸಿದ ಹಾಫ್‌ಮನ್ 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಕೆನ್ಲಿ ಜಾನ್ಸೆನ್ ಕತೆಯೂ ಹೀಗೆಯೇ. ಬ್ಯಾಟಿಂಗ್ ಕೈಹಿಡಿಯದ ಕ್ಯಾಚರ್ ಆಗಿದ್ದ ಅವರನ್ನು ಡಾಡ್ಜರ್ಸ್ 2009ರಲ್ಲಿ ಪಿಚರ್ ಮಾಡಿತು. ಮರುವರ್ಷವೇ ಅವರು ಮೇಜರ್ ಲೀಗಿನಲ್ಲಿ ಎಸೆಯುತ್ತಿದ್ದರು. ಇವೆರಡು ಅದೃಷ್ಟದ ಕತೆಗಳಲ್ಲ. 'ಇವನು ಎಷ್ಟು ಒಳ್ಳೆಯ ಶಾರ್ಟ್‌ಸ್ಟಾಪ್?' ಎಂಬ ಪ್ರಶ್ನೆಗೆ ಬಂದ ಉತ್ತರ ಸರಿಯಾಗಿಯೇ ಇತ್ತು, ಕೇಳಿದ ಪ್ರಶ್ನೆ ತಪ್ಪಾಗಿತ್ತು. 'ಇವನ ಕೈಯಲ್ಲಿ ಏನಿದೆ?' ಎಂದು ಕೇಳುವಷ್ಟು ಹೊತ್ತು ಯಾರೋ ಒಬ್ಬರು ಅವನನ್ನು ನೋಡಿದ್ದರಿಂದ ಬೇರೆ ಉತ್ತರ ಸಿಕ್ಕಿತು. ನಮ್ಮ ಕಂಪ್ಯೂಟರ್ ಆಟದಲ್ಲೂ ಆಟಗಾರನ ಜಾಗ ಬದಲಿಸಿ ಪಳಗಿಸಲು ಬರುತ್ತದೆ. ಒಟ್ಟಿಗೆ ಕೈಬಿಡುವ ಅಭ್ಯಾಸದವರಿಗೆ ಈ ಬಾಗಿಲು ಇರುವುದೇ ಕಾಣುವುದಿಲ್ಲ.

ಎಂದೂ ಮೇಲೆ ಬಾರದವನಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಇದಕ್ಕೆ ಉತ್ತರ ನನಗೆ ನಷ್ಟದ ಮೂಲಕ ದೊರೆಯಿತು. ಒಂದು ಸೀಸನ್ ಮುಗಿದ ಸಂಜೆ ನಾನು ಹನ್ನೊಂದು ಸಾಧಾರಣ ಪಿಚರ್‌ಗಳನ್ನು ಒಂದೇ ಸಲ ಕೈಬಿಟ್ಟೆ. ಮರುವರ್ಷ ಜೂನ್ ಬರುವಷ್ಟರಲ್ಲಿ ಡಬಲ್-ಎ ತಂಡದಲ್ಲಿ ಸೋತ ಪಂದ್ಯಗಳ ಕೊನೆಯ ಇನಿಂಗ್ಸ್ ಎಸೆಯಲು ತಾಜಾ ತೋಳುಗಳೇ ಇರಲಿಲ್ಲ. ಆ ಹೊರೆ ನನ್ನ ಅತ್ಯುತ್ತಮ ಎಳೆಯ ಪಿಚರ್‌ಗಳ ಮೇಲೆ ಬಿತ್ತು. ದಣಿದ ತೋಳಿಗೆ ಗಾಯ ಬೇಗ, ನಿಜವಾದ ಮೈದಾನದಲ್ಲೂ ಈ ಆಟದಲ್ಲೂ. ನಾನು ಎಲ್ಲಕ್ಕಿಂತ ನೆಚ್ಚಿಕೊಂಡಿದ್ದ ಹುಡುಗ ಆ ವರ್ಷ ಮೊಣಕೈ ಮುರಿದುಕೊಂಡು ಮಲಗಿದ. ಜಾಗ ತುಂಬುವವರು ಎಂದು ನಾನು ಕರೆದವರು ಆ ಹುಡುಗನ ತೋಳನ್ನು ಕಾಯುತ್ತಿದ್ದರು. ಅವರ ಅಂಕದಲ್ಲಿ ಆ ಕೆಲಸಕ್ಕೆ ಕಾಲಮ್ಮೇ ಇರಲಿಲ್ಲ.

ಆಟದ ವಿಷಯಕ್ಕೆ ಇಷ್ಟೊಂದು ಯಾಕೆ ಎಂದು ಕೇಳಬಹುದು. ಯಾಕೆಂದರೆ ಇದೇ ದೃಷ್ಟಿ ನಿಜ ಜಗತ್ತಿನಲ್ಲೂ ಆಳಿದೆ. ಅಮೆರಿಕದ ಡ್ರಾಫ್ಟ್ 2019ರಲ್ಲಿ 40 ಸುತ್ತುಗಳದ್ದಾಗಿತ್ತು, 2021ರಿಂದ 20 ಸುತ್ತು. ಅದೇ ವರ್ಷ ಕ್ಲಬ್ಬುಗಳಿಗೆ ಸೇರಿದ ಕೆಳಲೀಗಿನ ತಂಡಗಳು 160ರಿಂದ 120ಕ್ಕೆ ಇಳಿದವು. ಹೊರಬಿದ್ದ ತಂಡಗಳು ಕ್ಲಬ್ಬಿನ ಆಸರೆ ಕಳೆದುಕೊಂಡವು, ಸಣ್ಣ ಊರುಗಳ ಮೈದಾನಗಳು ತಮ್ಮ ಹಳೆಯ ನಂಟು ಕಳೆದುಕೊಂಡವು. ಉಳಿದ ಆಟಗಾರರ ಸಂಬಳವೋ, ಬದುಕು ಸಾಗದಷ್ಟು ಕಡಿಮೆಯಿತ್ತು. 2014ರಲ್ಲಿ ಅವರು ಹೂಡಿದ ಮೊಕದ್ದಮೆ 2022ರಲ್ಲಿ 18.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಅದೇ ವರ್ಷ ಅವರು ಕಾರ್ಮಿಕ ಸಂಘಕ್ಕೆ ಸೇರಿದರು. 2023ರ ಮೊದಲ ಒಪ್ಪಂದದಲ್ಲಿ ಸಿಂಗಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 11,000 ಡಾಲರಿನಿಂದ 26,200ಕ್ಕೆ ಏರಿತು. ಜಾಗ ತುಂಬುವವನಿಗೆ ಹೊಟ್ಟೆ ತುಂಬುವಷ್ಟು ಕೊಡಬೇಕು ಎಂದು ಒಪ್ಪಿಸಲು ಅಷ್ಟು ವರ್ಷ ಹಿಡಿಯಿತು.

ಭಾರತದ ಓದುಗರಿಗೆ ಹತ್ತಿರದ ಇಬ್ಬರನ್ನು ಇಲ್ಲಿ ನೆನೆಯಬೇಕು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆಯುತ್ತಿದ್ದ ಹುಡುಗರು. 2008ರಲ್ಲಿ ಚೆಂಡು ಎಸೆಯುವ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ಬೇಸ್‌ಬಾಲ್ ಆಡಿದವರೇ ಅಲ್ಲ. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ಆದರೂ ರಿಂಕು ರೂಕಿ ಮೆಟ್ಟಿಲು ದಾಟಿ ಸಿಂಗಲ್-ಎವರೆಗೆ ಏರಿದರು, ಅಲ್ಲಿ ಹಲವು ಪಂದ್ಯಗಳಲ್ಲಿ ಎಸೆದರು. ಬೇಸ್‌ಬಾಲ್ ಚೆಂಡನ್ನೇ ಕಾಣದ ಊರಿಂದ ಹೋದವನೊಬ್ಬ ಕೆಲವೇ ವರ್ಷಗಳಲ್ಲಿ ಅಷ್ಟು ಕಲಿತದ್ದನ್ನು ಯಾವ ಅಂಕ ಹಿಡಿದೀತು?

ಹಾಗೆಂದು ಯಾರನ್ನೂ ಕೈಬಿಡಬಾರದು ಎಂದು ನಾನು ಹೇಳುತ್ತಿಲ್ಲ. ಕೈಬಿಡುವುದು ಮ್ಯಾನೇಜರನ ಕೆಲಸದ ಒಂದು ಭಾಗ. ಆದರೆ ಪಟ್ಟಿಯನ್ನು ಅಂಕದ ಪ್ರಕಾರ ಜೋಡಿಸಿ ಕೆಳಗಿನ ಮೂವತ್ತು ಹೆಸರನ್ನು ಒಮ್ಮೆಗೇ ಅಳಿಸುವುದಕ್ಕೂ, ಒಬ್ಬೊಬ್ಬನ ಪುಟ ತೆರೆದು ಇವನ ಬಗ್ಗೆ ಎರಡನೆಯ ಅಭಿಪ್ರಾಯ ಏನಿದೆ, ಬೇರೆ ಜಾಗದಲ್ಲಿ ಆಡಬಲ್ಲನೇ, ಇವನಿಂದ ಯಾರಿಗೆ ನೆರವಾಗುತ್ತಿದೆ ಎಂದು ಕೇಳಿ ಆಮೇಲೆ ಬಿಡುವುದಕ್ಕೂ ವ್ಯತ್ಯಾಸವಿದೆ. ಹೀಗೆ ನೋಡಲು ನನಗೆ ಸೀಸನ್ನಿಗೆ ಒಂದು ಸಂಜೆ ಸಾಕಾಗುತ್ತದೆ.

ಆ ಕ್ಯಾಚರ್ ವಿಷಯದಲ್ಲಿ ಕೊನೆಗೆ ನನ್ನ ಸ್ಕೌಟ್ ಹೇಳಿದ್ದೇ ಸರಿಯಾಯಿತು. ಅವನು ಮೇಲಿನ ತಂಡದಲ್ಲಿ ಒಂದು ದಿನವೂ ಆಡಲಿಲ್ಲ. ವಾರಕ್ಕೆರಡು ಪಂದ್ಯ ಆಡುತ್ತಾ, ಮಿಕ್ಕ ದಿನ ಎಳೆಯನಿಗೆ ಜಾಗ ಬಿಡುತ್ತಾ ಎಂಟು ವರ್ಷ ಡಬಲ್-ಎ, ಟ್ರಿಪಲ್-ಎ ನಡುವೆ ಓಡಾಡಿ ಮೂವತ್ತೊಂದಕ್ಕೆ ನಿವೃತ್ತನಾದ. ಮುಂದಿನ ಚಳಿಗಾಲದಲ್ಲಿ ಕೋಚ್‌ಗಳ ಪಟ್ಟಿ ನೋಡುತ್ತಿದ್ದಾಗ ಅವನ ಹೆಸರು ಕಂಡಿತು. ರೂಕಿ ತಂಡಕ್ಕೆ ಕೋಚ್ ಆಗಿ ಕರೆದುಕೊಂಡೆ. ಈ ವರ್ಷ ಅಲ್ಲಿಗೆ ಬಂದ ಹುಡುಗರಲ್ಲಿ 35 ಅಂಕದವರು ಒಂಬತ್ತು ಮಂದಿಯಿದ್ದಾರೆ.