ಸಮಾನಧರ್ಮ ಎಲ್ಲಿದೆ?

ತುಮಕೂರು ನಗರದೊಳಗೆ ಸೇರಿಹೋಗಿರುವ ಶೆಟ್ಟಿಹಳ್ಳಿಯಂಥ ಕಡೆ ಬೆಳೆಯುವ ಹುಡುಗ ಹುಡುಗಿಯರಿಗೆ ಅಲಂಕಾರದ ಪರಿಚಯ ಎರಡು ದಾರಿಯಲ್ಲಿ ಆಗುತ್ತದೆ. ಒಂದು ಶಾಲೆಯ ವ್ಯಾಕರಣದ ಪಾಠ, ಇನ್ನೊಂದು ರಸ್ತೆಯ ಫ್ಲೆಕ್ಸು ಮತ್ತು ಸಭೆಯ ಮೈಕು. ಪಾಠದಲ್ಲಿ ಮುಖ ಕಮಲವಾಗುತ್ತದೆ, ಮೈಕಿನಲ್ಲಿ ಜಿಲ್ಲೆ ‘ಕಲ್ಪತರು ನಾಡು’ ಆಗುತ್ತದೆ. ಮುಂದೆ ಕತೆಯನ್ನೋ ಕವಿತೆಯನ್ನೋ ಬರೆಯಲು ಕೂತಾಗ ಅವರ ಮುಂದಿರುವ ಮಾದರಿಗಳು ಬಹುತೇಕ ಇವೇ. ಎರಡೂ ಕಲಿಸುವುದು ಒಂದೇ ತಪ್ಪನ್ನು: ಮೊದಲು ಮಾತನ್ನು ಸಿದ್ಧ ಮಾಡಿಕೊಳ್ಳಬೇಕು, ಅಲಂಕಾರವನ್ನು ಆಮೇಲೆ ತೊಡಿಸಬೇಕು ಎಂಬ ತಪ್ಪನ್ನು.

ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಯನ್ನೇ ನೋಡಿ. ಒಂದು ವಾಕ್ಯ ಕೊಟ್ಟು, ಅಲಂಕಾರ ಹೆಸರಿಸಿ ಸಮನ್ವಯಗೊಳಿಸಿ ಎನ್ನುತ್ತಾರೆ. ವಿದ್ಯಾರ್ಥಿ ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಪದ ಎಂದು ಪಟ್ಟಿ ಮಾಡುತ್ತಾನೆ. ‘ಅಂತೆ’, ‘ಹಾಗೆ’ ಇದ್ದರೆ ಉಪಮೆ, ‘ಎಂಬಂತೆ’, ‘ಏನೋ’ ಬಂದರೆ ಉತ್ಪ್ರೇಕ್ಷೆ ಎಂದು ಗುರುತು ಹಿಡಿದರೆ ಅಂಕ ಖಚಿತ. ವಾಕ್ಯ ಚೆನ್ನಾಗಿದೆಯೇ, ಆ ಹೋಲಿಕೆ ಅಲ್ಲಿ ಬೇಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಸೋತ ಹೋಲಿಕೆಗೂ ಗೆದ್ದ ಹೋಲಿಕೆಗೂ ಸಿಗುವುದು ಅದೇ ಅಂಕ.

ಹಾಗೆಂದು ಈ ನಾಲ್ಕು ಭಾಗಗಳ ವಿಂಗಡಣೆಯನ್ನು ಬಿಸಾಡಬೇಕಿಲ್ಲ. ಬರೆಯುವವರ ಕೈಗೆ ಬಂದರೆ ಅದು ಪರೀಕ್ಷಕರ ಕೈಯಲ್ಲಿರುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಹೊಸಬರ ಕತೆಗಳಲ್ಲಿ ‘ಅವಳ ಮನಸ್ಸು ಸಾಗರದಂತಿತ್ತು’ ಎಂಬ ಬಗೆಯ ವಾಕ್ಯ ಪದೇ ಪದೇ ಸಿಗುತ್ತದೆ. ಇಲ್ಲಿ ಸಮಾನಧರ್ಮ ಯಾವುದು? ಆಳವೇ, ವಿಸ್ತಾರವೇ, ಅಬ್ಬರವೇ, ಉಪ್ಪೇ? ಬರೆದವರಿಗೇ ಗೊತ್ತಿಲ್ಲದಿದ್ದರೆ ಓದುಗನಿಗೆ ಗೊತ್ತಾಗುವ ಬಗೆಯಿಲ್ಲ. ಈಗ ಅದೇ ಜಾತಿಯ ಇನ್ನೊಂದು ವಾಕ್ಯ ಕಟ್ಟಿ ನೋಡೋಣ: ‘ಬಹಳ ದಿನ ನಿಂತಿದ್ದ ಬೋರಿನ ಹಾಗೆ ಅಜ್ಜ ಮೊದಲು ಬರೀ ಗಾಳಿ ಬಿಟ್ಟ, ಆಮೇಲೆ ಕೆಸರು, ಆಮೇಲೆ ಮಾತು ಬಂತು.’ ಇಲ್ಲಿ ಸಮಾನಧರ್ಮ ಒಂದು ಗುಣವಲ್ಲ, ಮೂರು ಹಂತದ ಕ್ರಿಯೆ. ಅಜ್ಜನ ಮೌನ, ಸಿಟ್ಟು, ಕಡೆಗೆ ಬಾಯಿಬಿಟ್ಟ ನಿಜ ಇವನ್ನೆಲ್ಲ ಬೇರೆ ಬೇರೆಯಾಗಿ ಹೇಳುವ ಅಗತ್ಯವೇ ಬೀಳಲಿಲ್ಲ. ಕೊನೆಯಲ್ಲಿ ‘ನೀರು’ ಬರಬೇಕಾದ ಜಾಗದಲ್ಲಿ ‘ಮಾತು’ ಬಂದು ಉಪಮೆ ಸದ್ದಿಲ್ಲದೆ ರೂಪಕಕ್ಕೆ ಜಾರುತ್ತದೆ. ನೀರಿಗಾಗಿ ಬೋರು ಕೊರೆಸಿ ಸೋತ ಜಿಲ್ಲೆಯ ಓದುಗನಿಗೆ ಆ ‘ಗಾಳಿ’ಯ ಆತಂಕ ವಿವರಿಸಬೇಕಾಗಿಲ್ಲ. ಬೋರಿನ ಹೋಲಿಕೆಯನ್ನು ಕಿತ್ತರೆ ವಾಕ್ಯದಲ್ಲಿ ಏನೂ ಉಳಿಯುವುದಿಲ್ಲ. ಸಾಗರವನ್ನು ಕಿತ್ತರೆ ಯಾರಿಗೂ ನಷ್ಟವಿಲ್ಲ.

ಕಲ್ಪತರುವಿನ ಕತೆ ಸ್ವಲ್ಪ ಬೇರೆ. ತೆಂಗನ್ನು ಹಾಗೆ ಕರೆದವರು ಯಾರೋ, ಕರೆದಾಗ ಲೆಕ್ಕ ತಪ್ಪಿರಲಿಲ್ಲ. ಎಳನೀರು, ಕಾಯಿ, ಕೊಬ್ಬರಿ, ಚಿಪ್ಪು, ನಾರು, ಗರಿ, ಕಡ್ಡಿ: ಕೇಳಿದ್ದನ್ನು ಕೊಡುವ ಮರ ಎಂಬ ಸಮಾನಧರ್ಮಕ್ಕೆ ತೋಟದಲ್ಲೇ ಸಾಕ್ಷಿ ಇತ್ತು. ಆಮೇಲೆ ಅದು ಸ್ವಾಗತ ಭಾಷಣದ ಮೊದಲ ಸಾಲಾಯಿತು, ಅಂಗಡಿ, ಲೇಔಟು, ಕಾಲೇಜುಗಳ ಹೆಸರಾಯಿತು. ಈಗ ಆ ಮಾತು ಕೇಳಿದವನಿಗೆ ಮರ ಕಾಣಿಸುವುದಿಲ್ಲ. ಸವೆದ ರೂಪಕವನ್ನು ಏನು ಮಾಡಬೇಕು ಎಂಬುದು ಬರಹಗಾರನ ಮುಂದಿರುವ ನಿಜವಾದ ಪ್ರಶ್ನೆ. ಬಿಟ್ಟುಬಿಡಬಹುದು, ಅಥವಾ ಅಕ್ಷರಶಃ ನಂಬಿ ಪರೀಕ್ಷೆಗೆ ಒಡ್ಡಬಹುದು. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಪೇಟೆಯ ದರ ಅದಕ್ಕಿಂತ ಕೆಳಗೆ ಬಿದ್ದು ತಿಪಟೂರಿನಲ್ಲಿ ಬೆಳೆಗಾರರು ಧರಣಿ ಕೂತರು. ಆ ಹೊತ್ತಿನಲ್ಲಿ ‘ಕಲ್ಪತರು ಬೆಂಬಲ ಬೆಲೆಗೆ ಕ್ಯೂ ನಿಂತಿದೆ’ ಎಂದು ಬರೆದರೆ ಸತ್ತಿದ್ದ ರೂಪಕ ಎದ್ದು ಕೂರುತ್ತದೆ. ಬೇಡಿದ್ದನ್ನು ಕೊಡುವ ಮರವೇ ಬೇಡಲು ನಿಂತಿತಲ್ಲ! ಹೊಸ ಪದ ಒಂದೂ ಬೇಕಾಗಲಿಲ್ಲ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೆ (1907–2019) ಜನ ಕೊಟ್ಟ ‘ನಡೆದಾಡುವ ದೇವರು’ ಎಂಬ ಹೆಸರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದೊಡ್ಡವರನ್ನು ದೇವರೆನ್ನುವುದು ನಮ್ಮಲ್ಲಿ ಹೊಸತಲ್ಲ. ಇಲ್ಲಿ ಕೆಲಸ ಮಾಡಿರುವುದು ವಿಶೇಷಣ. ನಿಂತಲ್ಲೇ ನಿಲ್ಲುವ ಸ್ಥಾವರಕ್ಕಿಂತ ನಡೆಯುವ ಜಂಗಮ ಹೆಚ್ಚಿನದು ಎಂಬ ಶರಣರ ವಾದವೇ ಆ ಒಂದು ಪದದಲ್ಲಿ ಅಡಗಿದೆ. ಅನ್ನ, ಅಕ್ಷರ, ಆಶ್ರಯದ ದಾಸೋಹವನ್ನು ಕಣ್ಣಾರೆ ಕಂಡವರಿಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ, ವರದಿಯಾಗಿ ಕೇಳಿತು. ಇದನ್ನೇ ಅಳತೆಗೋಲಾಗಿಟ್ಟುಕೊಂಡು ಇಂದಿನ ಫ್ಲೆಕ್ಸುಗಳ ‘ಅಭಿವೃದ್ಧಿಯ ಹರಿಕಾರ’, ‘ಬಡವರ ಬಂಧು’ಗಳನ್ನು ಓದಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಫ್ಲೆಕ್ಸಿನ ಬಿರುದು ಯಾವ ಫೋಟೋದ ಕೆಳಗಾದರೂ ಹೊಂದುತ್ತದೆ. ಎಲ್ಲರಿಗೂ ಹೊಂದುವ ಅಲಂಕಾರ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ನಮ್ಮ ಮೀಮಾಂಸಕರು ಇದನ್ನು ಅರಿಯದವರಲ್ಲ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ ಅರ್ಥಾಲಂಕಾರಗಳಿಗೆ ಇಡೀ ಒಂದು ಪರಿಚ್ಛೇದ ಕೊಟ್ಟಿದೆ, ನಿಜ. ಆದರೆ ಅದೇ ಗ್ರಂಥ ಓದುಬರಹವಿಲ್ಲದ ಕನ್ನಡಿಗರ ಮಾತಿನ ಜಾಣ್ಮೆಯನ್ನೂ ಕೊಂಡಾಡುತ್ತದೆ. ಅಲಂಕಾರವೆಂಬುದು ಪ್ರತ್ಯೇಕ ಪ್ರಯತ್ನವಿಲ್ಲದೆ, ರಸದ ಜೊತೆಗೇ ಹುಟ್ಟಬೇಕು ಎಂದ ಆನಂದವರ್ಧನ. ಕೆಲವೆಡೆ ಅಲಂಕಾರವಿಲ್ಲದೆಯೂ ಕಾವ್ಯವಾದೀತು ಎಂದ ಮಮ್ಮಟ. ಡಾಬನ್ನು ಕೊರಳಿಗೆ, ಹಾರವನ್ನು ಸೊಂಟಕ್ಕೆ ಕಟ್ಟಿಕೊಂಡವರನ್ನು ಕಂಡರೆ ಯಾರಿಗೆ ನಗು ಬರುವುದಿಲ್ಲ ಎಂದು ಕ್ಷೇಮೇಂದ್ರ ಔಚಿತ್ಯದ ಪಾಠ ಹೇಳಿದ. ಈ ಚರ್ಚೆಯನ್ನೆಲ್ಲ ತಿಳಿಗನ್ನಡದಲ್ಲಿ ನಮಗೆ ಒದಗಿಸಿದವರು ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು, ತೀ.ನಂ. ಶ್ರೀಕಂಠಯ್ಯ. 1953ರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಅಲಂಕಾರ ಕಾವ್ಯವಿಚಾರದ ಒಂದು ಘಟ್ಟ ಮಾತ್ರ, ರಸ ಧ್ವನಿಗಳ ಕಡೆಗೆ ಹೋಗುವ ದಾರಿ, ಎಂಬುದು ಮನದಟ್ಟಾಗುತ್ತದೆ. ಶಾಲೆಗೆ ‘ಕನ್ನಡ ಮಧ್ಯಮ ವ್ಯಾಕರಣ’ ಬರೆದುಕೊಟ್ಟವರೂ ಅವರೇ. ತರಗತಿಗಳು ವ್ಯಾಕರಣವನ್ನು ಹಿಡಿದುಕೊಂಡವು, ಮೀಮಾಂಸೆಯನ್ನು ಎಂ.ಎ. ಪಠ್ಯಕ್ಕೆ ಬಿಟ್ಟವು.

ಬಿಟ್ಟದ್ದು ಅದೊಂದೇ ಅಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗಯತಿಗಳು 701 ವಚನಗಳನ್ನು ಬರೆದವರು. ತುಮಕೂರಿನ ಪಕ್ಕದ ಗೂಳೂರಿನ ಹೆಸರು ಹೊತ್ತ ಸಿದ್ಧವೀರಣ್ಣೊಡೆಯ ‘ಶೂನ್ಯಸಂಪಾದನೆ’ಯನ್ನು ಹೆಣೆದವನು. ಆ ಪರಂಪರೆಯಲ್ಲಿ ಬೆಡಗಿನ ವಚನಗಳಿಗೆ ದೊಡ್ಡ ಜಾಗವಿದೆ. ಬೆಡಗಿನಲ್ಲಿ ಉಪಮೇಯ ಕಾಣೆಯಾಗಿರುತ್ತದೆ. ಒಗಟಿನ ಹಾಗೆ ಉಪಮಾನ ಮಾತ್ರ ಎದುರಿಗಿರುತ್ತದೆ, ಕೇಳುಗ ತಾನೇ ಹುಡುಕಿ ಬಿಡಿಸಬೇಕು. ‘ಶೂನ್ಯಸಂಪಾದನೆ’ಯಲ್ಲಿ ಅವು ವಾಗ್ವಾದದ ನಡುವೆ ಬರುತ್ತವೆ. ಅಂದರೆ ಅಲಂಕಾರ ಅಲ್ಲಿ ವಾದದ ಒಂದು ಹೆಜ್ಜೆ. ಅದನ್ನು ತೆಗೆದರೆ ವಾದವೇ ಮುರಿಯುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ, ಹೀಗಾಗಿ ಮಕ್ಕಳಿಗೆ ಇದು ಅಲಂಕಾರವೆಂದೇ ಗೊತ್ತಿಲ್ಲ.

ನಮ್ಮ ಕಾಲದಲ್ಲಿ ಈ ಎಳೆಯನ್ನು ಹಿಡಿದವರು ತುಮಕೂರಿನಲ್ಲಿದ್ದು ಬರೆದ ಕೆ.ಬಿ. ಸಿದ್ದಯ್ಯ (ನಿಧನ 2019). ‘ಬಕಾಲ’, ‘ದಕ್ಲಕಥಾ ದೇವಿಕಾವ್ಯ’, ‘ಗಲ್ಲೇಬಾನಿ’ಗಳ ಒಗಟಿನಂಥ ನುಡಿಗೆ ಅಲ್ಲಮನ ನೆರಳಿದೆ, ತತ್ವಪದಗಳ ಗುಂಗಿದೆ. ಅವರ ಉಪಮಾನಗಳು ಮಾತ್ರ ದಲಿತ ಕೇರಿಯಿಂದ ಬಂದಂಥವು. ತೊಗಲು ಹದ ಮಾಡುವ ಬಾನಿ ಒಂದು ಕಾವ್ಯದ ಹೆಸರಾಗುವುದು ಚಂದಕ್ಕಾಗಿ ಅಲ್ಲ. ಆ ಕಸುಬನ್ನು ಬಿಟ್ಟು ಆ ಅನುಭವವನ್ನು ಹೇಳಲಾಗದು ಎಂಬ ಕಾರಣಕ್ಕೆ. ಕೆಲವೊಮ್ಮೆ ಅವರ ಪ್ರತಿಮೆಗಳು ಒಂದರ ಮೇಲೊಂದು ಬಿದ್ದು ಓದುಗನನ್ನು ಹೊರಗೇ ನಿಲ್ಲಿಸುತ್ತವೆ ಎಂಬ ತಕರಾರು ನನಗಿದೆ. ಆದರೆ ತೊಡಿಸಿದ ಅಲಂಕಾರ ಅನ್ನುವ ದೂರಿಗೆ ಅಲ್ಲಿ ಎಡೆಯಿಲ್ಲ.

ಊರಿನ ವಸ್ತುಗಳನ್ನೇ ಬಳಸಬೇಕು, ಕಮಲ ಚಂದ್ರರು ಬೇಡ ಎಂಬ ನಿಯಮವನ್ನು ಇದರಿಂದ ಹೊರಡಿಸಬಾರದು. ಬೋರು, ಕೊಬ್ಬರಿ, ರಾಗಿಮುದ್ದೆಗಳನ್ನು ಸಾಲಾಗಿ ಸುರಿದರೆ ಅದೂ ಇನ್ನೊಂದು ಬಗೆಯ ಫ್ಲೆಕ್ಸೇ. ಬರೆದವರು ತಮ್ಮ ಹಸ್ತಪ್ರತಿಯ ಪ್ರತಿ ಹೋಲಿಕೆಯ ಮುಂದೆ ಎರಡು ಪ್ರಶ್ನೆ ಇಟ್ಟುಕೊಂಡರೆ ಸಾಕು: ಸಮಾನಧರ್ಮ ಯಾವುದು? ಹೋಲಿಕೆಯನ್ನು ತೆಗೆದರೆ ಕಳೆದುಹೋಗುವ ಅರ್ಥ ಯಾವುದು? ಎರಡಕ್ಕೂ ಉತ್ತರ ಇಲ್ಲದ್ದನ್ನು ಹೊಡೆದುಹಾಕಬೇಕು, ಎಷ್ಟೇ ಸೊಗಸಾಗಿದ್ದರೂ. ಶಾಲೆ ಕೂಡ ಹೆಸರಿಸಿ ಎನ್ನುವುದರ ಜೊತೆಗೆ ಈ ಎರಡನೆಯ ಪ್ರಶ್ನೆಗೂ ಅಂಕ ಇಡಲಿ. ಪಠ್ಯ ಬದಲಿಸುವ ಗೋಜಿಲ್ಲದೆ ನಾಳೆಯಿಂದಲೇ ಶುರುಮಾಡಬಹುದಾದ ಕೆಲಸ ಇದು.